ಕಾಲುವೆಯ ನೀರು, ಗಾಜಿನ ಎಳೆಯ ಬೆಳಕು



ಹಂಚಿಕೆಯ ಕಷ್ಟ ಏನೆಂಬುದನ್ನು ಸಿಂಧನೂರು ಸೀಮೆಯ ರೈತರು ಚೆನ್ನಾಗಿ ಬಲ್ಲರು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗಳಿಗೆ ಹರಿಯತೊಡಗಿತು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾಯ್ದು ರಾಯಚೂರಿನತ್ತ ಸಾಗುತ್ತದೆ. ಬರದ ನಾಡಿನಲ್ಲಿ ಹೆಚ್ಚು ಹೊಲಗಳಿಗೆ ನೀರು ಮುಟ್ಟಲೆಂದು ಬಹುಪಾಲು ಅಚ್ಚುಕಟ್ಟಿಗೆ ಅರೆ ನೀರಾವರಿ ಬೆಳೆಗಳನ್ನೇ ಗೊತ್ತುಪಡಿಸಿದ್ದರು. ಆದರೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕೊನೆ ಭಾಗದ ರೈತ ಒಣಗಿದ ಕಾಲುವೆಯನ್ನು ನೋಡುತ್ತ ನಿಲ್ಲಬೇಕಾಯಿತು.

ಇದೇ ಪ್ರಶ್ನೆ ಮುಂದೆ ಆಪ್ಟಿಕಲ್ ಫೈಬರ್‌ನಲ್ಲಿಯೂ ಎದುರಾಯಿತೆಂದರೆ ನಿಮಗೆ ಅಚ್ಚರಿಯಾಗಬಹುದು.

ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಅದರ ಎಳೆಯಲ್ಲಿ ಬೆಳಕಿನ ಮೂಲಕ ಸಂದೇಶಗಳನ್ನು ಬಹುದೂರ ಕಳುಹಿಸಬಹುದೆಂದು ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ 1966ರಲ್ಲಿ ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ವಿಜ್ಞಾನಿಗಳು ಅಂಥ ಎಳೆಯನ್ನು ತಯಾರಿಸಿದರು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಮನೆಮನೆಗೂ ದೂರವಾಣಿ ಕೇಂದ್ರದಿಂದ ಬೇರೆ ಬೇರೆ ಎಳೆ ಎಳೆಯುವುದು ದುಬಾರಿ. ಆದ್ದರಿಂದ ಒಂದೇ ಎಳೆಯನ್ನು ಕವಲೊಡೆಸಿ 32 ಅಥವಾ 64 ಕಡೆಗೆ ಕೊಂಡೊಯ್ಯುವ ಪದ್ಧತಿ ಬಂದಿತು. ಕೇಂದ್ರದಿಂದ ಹೊರಟ ಬೆಳಕು ಎಲ್ಲರಿಗೂ ತಲುಪುತ್ತದೆ. ಪ್ರತಿಯೊಬ್ಬರ ಯಂತ್ರವೂ ತನ್ನ ಹೆಸರಿನದನ್ನು ಮಾತ್ರ ಆರಿಸಿಕೊಳ್ಳುತ್ತದೆ. ತೊಡಕಿರುವುದು ಮರಳಿ ಕಳುಹಿಸುವಾಗ. ಇಬ್ಬರು ಒಮ್ಮೆಗೇ ಕಳುಹಿಸಿದರೆ ಸಂದೇಶಗಳು ಕಲಸಿಹೋಗುತ್ತವೆ. ಹಾಗಾಗಿ ಸರದಿ ಬೇಕು.

ಆ ಸರದಿ ಹೇಗಿರಬೇಕು? ಎಲ್ಲರಿಗೂ ಸಮನಾದ ಸಮಯ ಕೊಟ್ಟರೆ, ಕಳುಹಿಸಲು ಏನೂ ಇಲ್ಲದವರ ಪಾಲು ವ್ಯರ್ಥವಾಗುತ್ತದೆ. ಕೇಳಿದಷ್ಟನ್ನೂ ಕೊಟ್ಟರೆ, ಹೆಚ್ಚು ಕೇಳುವವನೇ ಎಳೆಯನ್ನೆಲ್ಲ ತುಂಬಿಕೊಳ್ಳುತ್ತಾನೆ. 2002ರಲ್ಲಿ ಗ್ಲೆನ್ ಕ್ರೇಮರ್, ಬಿಶ್ವನಾಥ್ ಮುಖರ್ಜಿ ಮತ್ತು ಗೆರಿ ಪೆಸವೆಂಟೊ ಒಂದು ದಾರಿ ಸೂಚಿಸಿದರು. ಪ್ರತಿ ಮನೆಯ ಯಂತ್ರ ತನ್ನಲ್ಲಿ ಎಷ್ಟು ಮಾಹಿತಿ ಕಾದಿದೆ ಎಂದು ವರದಿ ಮಾಡಬೇಕು. ಕೇಂದ್ರ ಅದನ್ನು ನೋಡಿ ಅಷ್ಟು ಸಮಯ ಕೊಡಬೇಕು. ಆದರೆ ಒಂದು ಸರದಿಗೆ ಇಷ್ಟೇ ಎಂಬ ಮಿತಿ ಇರಬೇಕು. ಗಿಗಾಬಿಟ್ ವೇಗದ ಜಾಲದಲ್ಲಿ ಇಂಥ ಹಂಚಿಕೆ ಸೆಕೆಂಡಿಗೆ 8,000 ಚೌಕಟ್ಟುಗಳ ಲೆಕ್ಕದಲ್ಲಿ ನಡೆಯುತ್ತದೆ. ಅಲ್ಲಿ ಮೊದಲು ಪ್ರತಿಯೊಬ್ಬರ ಖಾತರಿ ಪಾಲು, ಉಳಿದದ್ದು ಅಗತ್ಯವಿದ್ದವರಿಗೆ. ದೂರದ ಮನೆಯ ಬೆಳಕು ಬರಲು ಹಿಡಿಯುವ ಸಮಯವನ್ನೂ ಮೊದಲೇ ಅಳೆದು ಸರದಿ ಹೊಂದಿಸುವುದರಿಂದ, ಕೊನೆಯಲ್ಲಿರುವುದು ಇಲ್ಲಿ ಶಿಕ್ಷೆಯಲ್ಲ.

ನಮ್ಮ ದೇಶದಲ್ಲಿ 2011ರ ಅಕ್ಟೋಬರ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಎಳೆ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಪ್ರತಿ ಪಂಚಾಯಿತಿಗೆ ಸೆಕೆಂಡಿಗೆ 100 ಮೆಗಾಬಿಟ್ ಒದಗಿಸುವುದು ಗುರಿ. ಮೊದಲ ಹಂತದಲ್ಲಿ ಬಳಸಿದ್ದು ಇದೇ ಕವಲೊಡೆಯುವ ಎಳೆಯ ಪದ್ಧತಿ.

ಕಾಲುವೆಗೂ ಎಳೆಗೂ ಒಂದು ವ್ಯತ್ಯಾಸವನ್ನು ಗಮನಿಸಿ. ಎಳೆಯಲ್ಲಿ ಅಳತೆಯಿಲ್ಲದೆ ಯಾರಿಗೂ ಸರದಿ ಸಿಗದು. ಕಾಲುವೆಯಲ್ಲಿ ಮೇಲಿನ ತೂಬು ತೆರೆದವನಿಗೆ ನೀರು ಮೊದಲೇ ಸಿಕ್ಕಿಬಿಡುತ್ತದೆ. ಆದರೆ ಖಾತರಿ ಪಾಲು ಎಷ್ಟು, ಮಿತಿ ಎಷ್ಟು ಎಂಬುದನ್ನು ಯಂತ್ರ ತಾನಾಗಿ ತೀರ್ಮಾನಿಸುವುದಿಲ್ಲ. ಅದನ್ನು ಬರೆದಿಡುವವರು ಮನುಷ್ಯರೇ. ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗಿ ಆ ಅಂಕಿಗಳನ್ನು ಬರೆಯುವಿರಿ. ಆಗ ಕಾಲುವೆಯ ಕೊನೆಯಲ್ಲಿ ನಿಂತ ರೈತನನ್ನು ನೆನೆಯಿರಿ.