ಬಾಣಂತಿಯ ಜೀವ, ಗುಳಿಗೆಯ ಲೆಕ್ಕ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಮಗು ಹುಟ್ಟಿದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗದಿದ್ದರೆ ರಕ್ತ ಹರಿಯುತ್ತಲೇ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಬಾಣಂತಿಯ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಇದಕ್ಕೆ ಮದ್ದು ಇಲ್ಲದಿಲ್ಲ. ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಅಮೆರಿಕದ ವಿಜ್ಞಾನಿ ವಿನ್ಸೆಂಟ್ ದು ವಿನ್ಯೋ 1955ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಈ ಔಷಧ ದುಬಾರಿಯೇನಲ್ಲ. ಆದರೆ ಅದನ್ನು ತಂಪಿನಲ್ಲಿ ಕಾಪಾಡಬೇಕು, ಚುಚ್ಚುಮದ್ದಾಗಿಯೇ ಕೊಡಬೇಕು. ಫ್ರಿಜ್, ವಿದ್ಯುತ್, ಸೂಜಿ, ಚುಚ್ಚಲು ಬಲ್ಲ ಕೈ ಎಲ್ಲವನ್ನೂ ಸೇರಿಸಿದರೆ, ಅಗ್ಗದ ಮದ್ದು ದೂರದ ಹಳ್ಳಿಯನ್ನು ಮುಟ್ಟುವ ಹೊತ್ತಿಗೆ ದುಬಾರಿಯಾಗುತ್ತಿತ್ತು.

ಈ ತೊಡಕಿಗೆ ಉತ್ತರ ಹುಡುಕುವ ಮಹತ್ವದ ಪ್ರಯೋಗವೊಂದು ನಡೆದದ್ದು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ. ಜಠರದ ಹುಣ್ಣಿಗೆಂದು ಬಳಕೆಗೆ ಬಂದಿದ್ದ ಮಿಸೊಪ್ರೊಸ್ಟಾಲ್ ಗುಳಿಗೆಗೂ ಗರ್ಭಕೋಶವನ್ನು ಕುಗ್ಗಿಸುವ ಗುಣವಿದೆ. ಅದಕ್ಕೆ ಫ್ರಿಜ್ ಬೇಡ, ಸೂಜಿ ಬೇಡ. 2002ರಿಂದ 2005ರವರೆಗೆ ಅಲ್ಲಿನ ಹಳ್ಳಿಗಳ 1620 ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಗುಳಿಗೆಯನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆಯನ್ನೂ ದಾದಿಯರು ಹೆರಿಗೆಯಾದೊಡನೆ ನುಂಗಿಸಿದರು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹುಸಿ ಗುಳಿಗೆಯವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾಗಿದ್ದರೆ, ನಿಜ ಗುಳಿಗೆಯವರಲ್ಲಿ ಆ ಪ್ರಮಾಣ 6.4 ಮಾತ್ರ. ಅಂದರೆ 18 ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳ ಅತಿ ರಕ್ತಸ್ರಾವ ತಪ್ಪುತ್ತಿತ್ತು. ಕೆಲವರಿಗೆ ನಡುಕ, ಜ್ವರ ಬಂದರೂ ಅವು ಬೇಗ ಇಳಿದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹಾಗಾದರೆ ಎಲ್ಲೆಡೆ ಗುಳಿಗೆಯನ್ನೇ ಹಂಚಿ ಖರ್ಚು ಉಳಿಸಬಹುದಲ್ಲವೇ? ಹಾಗೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಆಸ್ಪತ್ರೆಗಳಲ್ಲಿ ಆಕ್ಸಿಟೋಸಿನ್ ಚುಚ್ಚುಮದ್ದೇ ಮೇಲು ಎಂದು 2001ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನ ತೋರಿಸಿತ್ತು. ಮೇಲಾಗಿ, ಹೊಟ್ಟೆಯಲ್ಲಿ ಇನ್ನೊಂದು ಕೂಸು ಇರುವಾಗ ಗುಳಿಗೆ ನುಂಗಿಸಿದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಅದನ್ನು ಅರಿತು, ಸರಿಯಾದ ಗಳಿಗೆಯಲ್ಲಿ ಕೊಟ್ಟು, ರಕ್ತ ನಿಲ್ಲದಿದ್ದರೆ ಗಾಡಿ ಹತ್ತಿಸಿ ಕಳಿಸುವವಳು ದಾದಿ.

ಆಕೆಯ ಸಂಬಳ, ತರಬೇತಿ, ಓಡಾಟದ ವೆಚ್ಚವನ್ನು ಬಿಟ್ಟು ಗುಳಿಗೆಯ ಬೆಲೆಯನ್ನಷ್ಟೇ ಎಣಿಸುವ ಆಯವ್ಯಯ ಕಾಗದದ ಮೇಲೆ ಮಿತವ್ಯಯದಂತೆ ಕಂಡೀತು. ಅದರ ಉಳಿದ ಬೆಲೆಯನ್ನು ತೆರಬೇಕಾದವಳು ಬಾಣಂತಿ.