ನೆಲವರಿತ ಬುನಾದಿ: ಜಡೆ ಸೀಮೆಯನ್ನು ಕುರಿತು ಕೆಲವು ವಿಚಾರಗಳು

ನಮ್ಮ ವಾಸ್ತುಚರಿತ್ರೆಯ ಬರಹಗಳಲ್ಲಿ ಶಿಖರ, ಭಿತ್ತಿ, ಕಂಬಗಳ ವಿವರಣೆ ಅಧಿಷ್ಠಾನಕ್ಕೆ ಬಂದು ನಿಲ್ಲುತ್ತದೆ. ಅದರ ಅಡಿಯ ನೆಲವನ್ನು ಆಯ್ದವರ ತಿಳಿವಳಿಕೆ ಚರ್ಚೆಗೆ ಬರುವುದು ವಿರಳ. ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರವಾದ ಜಡೆ ಹಾಗೂ ಬನವಾಸಿ, ಬಳ್ಳಿಗಾವಿ, ತಾಳಗುಂದಗಳನ್ನೊಳಗೊಂಡ ಸೀಮೆ ಈ ಕೊರತೆಯನ್ನು ಪರಿಶೀಲಿಸಲು ತಕ್ಕ ನೆಲೆಯಾಗಿದೆ.

ನೆಲದ ಪರೀಕ್ಷೆಯನ್ನು ಶಾಸ್ತ್ರಗ್ರಂಥಗಳು ಕಡೆಗಣಿಸಿಲ್ಲ. 6ನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯ ಪ್ರಕಾರ ಒಂದು ಹಸ್ತ ಅಳತೆಯ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಅಧಮ. ಇದು ಕೇವಲ ಶಕುನವಲ್ಲ. ಬಿಗಿಯಾದ ನೆಲವನ್ನು ಅಗೆದಾಗ ಮಣ್ಣು ಸಡಿಲಗೊಂಡು ಹೆಚ್ಚುತ್ತದೆ. ಟೊಳ್ಳು ನೆಲದಲ್ಲಿ ಹಾಗಾಗದು. ಬಳ್ಳಿಗಾವಿ ಏಳಿಗೆಯಲ್ಲಿದ್ದ ಚಾಲುಕ್ಯರ ಕಾಲದಲ್ಲಿಯೇ, ಸುಮಾರು 1025ರಲ್ಲಿ, ಚಾವುಂಡರಾಯನು ರಚಿಸಿದ 'ಲೋಕೋಪಕಾರ' ವಾಸ್ತು ಹಾಗೂ ಜಲಶೋಧನೆಯ ವಿಷಯಗಳನ್ನು ಕನ್ನಡಕ್ಕೆ ತಂದಿತು.

ಆದರೆ ಗುಂಡಿಯ ಪರೀಕ್ಷೆಯೊಂದೇ ಸಾಲದು. ಹಾವೇರಿಯ ಕಡೆ ಕಾಣುವ ಎರೆಮಣ್ಣು ಗಟ್ಟಿಯಾಗಿದ್ದು ಈ ಪರೀಕ್ಷೆಯಲ್ಲಿ ಗೆಲ್ಲಬಹುದು. ಮಳೆಗೆ ಉಬ್ಬಿ ಬೇಸಗೆಗೆ ಬಿರಿದು ಗೋಡೆಯನ್ನೇ ಸೀಳಬಹುದು. ಅಂಥಲ್ಲಿ ಉಬ್ಬುವ ಪದರವನ್ನು ದಾಟಿ ಪಾಯ ಇಳಿಸಬೇಕು. ಮಲೆನಾಡಿನ ಅಂಚಿನ ಜಂಬಿಟ್ಟಿಗೆಯ ನೆಲದಲ್ಲಿ ಸಮಸ್ಯೆ ಬೇರೆ. ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಗಡುಸಾಗುವ ಈ ಕಲ್ಲು ಕಟ್ಟಡಕ್ಕೆ ಒದಗುತ್ತದೆ. ಇಲ್ಲಿನ ಭಯವೆಲ್ಲ ನೀರಿನದು. ಆದ್ದರಿಂದಲೇ ಮಣ್ಣಿನ ಗೋಡೆಯ ಮನೆಗೆ ಎತ್ತರದ ಕಲ್ಲುಕಟ್ಟೆಯೂ ಮುಂಚಾಚಿದ ಸೂರೂ ಬೇಕಾಗುತ್ತವೆ. ನೆಲವನ್ನು ಎರಡೂ ಕಾಲಗಳಲ್ಲಿ ಕಂಡವರಿಗೆ ಮಾತ್ರ ಈ ವಿವೇಚನೆ ಸಾಧ್ಯ.

ಈ ಕಂಡವರು ಯಾರು? ಕಾಕುಸ್ಥವರ್ಮನು ಕೆರೆ ಕಟ್ಟಿಸಿದುದನ್ನು ತಾಳಗುಂದದ ಸ್ತಂಭಶಾಸನ ಸ್ಮರಿಸುತ್ತದೆ. ಶಾಸನಕವಿ ಕುಬ್ಜನ ಹೆಸರೂ ಉಳಿದಿದೆ. ಅಗೆದವರ ಹೆಸರಿಲ್ಲ. ಅವರ ಅರಿವು ಉಳಿದಿರುವುದು ನುಡಿ ಮತ್ತು ಆಚರಣೆಗಳಲ್ಲಿ: ಗುದ್ದಲಿಪೂಜೆ, ಕೆಸರುಗಲ್ಲು, ಪಂಚಾಂಗ, ಬುನಾದಿ. ಇವುಗಳಲ್ಲಿ ಪೂಜೆಯನ್ನಷ್ಟೇ ದಾಖಲಿಸಿ, ಪಾಯವನ್ನು ಎಷ್ಟು ಆಳಕ್ಕೆ, ಯಾವ ಮಣ್ಣು ಕಂಡ ಮೇಲೆ ನಿಲ್ಲಿಸಿದರೆಂದು ಕೇಳದಿರುವುದು ಜಾನಪದ ಕ್ಷೇತ್ರಕಾರ್ಯದ ದೋಷವೇ ಸರಿ. ಈ ದೋಷದಲ್ಲಿ ನನ್ನ ಪಾಲೂ ಇದೆ.

ಸಿಮೆಂಟಿನ ಕಂಬಗಳು ಎಲ್ಲ ನೆಲಕ್ಕೂ ಒಂದೇ ಬಗೆಯ ಉತ್ತರವೆಂಬ ಭಾವನೆ ಹರಡಿರುವ ಈ ಹೊತ್ತಿನಲ್ಲಿ ಆ ಪ್ರಶ್ನೆಯನ್ನು ಹಿರಿಯ ಗಾರೆಯವರ, ಒಡ್ಡರ, ಉಪ್ಪಾರರ ಮುಂದಿಡುವುದು ತುರ್ತಿನ ಕೆಲಸ. ಕಟ್ಟಡ ಉರುಳಿದರೂ ಅದರ ಅಳತೆ ಸಿಕ್ಕೀತು. ನೆಲವನ್ನು ಓದಿದವರು ಹೋದ ಮೇಲೆ ಆ ಓದು ಸಿಗಲಾರದು.