ಮದರಾಸಿನಲ್ಲಿ ಹುಟ್ಟಿದ ಬೀಟಲ್

ನಮ್ಮ ಹವಳಗಾದ ಕಡೆ ರಾಕ್ ಸಂಗೀತ ಕೇಳಿದವರು ವಿರಳ. ಆದರೂ ಬೀಟಲ್ಸ್ ತಂಡದ ಹೆಸರನ್ನು ಓದುಗರು ಬಲ್ಲರು. ಆ ತಂಡದಲ್ಲಿ ರಿಂಗೋ ಸ್ಟಾರ್‌ಗಿಂತ ಮೊದಲು ಎರಡು ವರ್ಷ ಡ್ರಮ್ ಬಾರಿಸಿದವರು ಪೀಟ್ ಬೆಸ್ಟ್. ಇವರು ಹುಟ್ಟಿದ್ದು 1941ರ ನವೆಂಬರ್ 24ರಂದು, ಮದರಾಸಿನಲ್ಲಿ. ತಾಯಿ ಮೋನಾ ದೆಹಲಿಯಲ್ಲಿ ಜನಿಸಿದವರು.

1945ರಲ್ಲಿ ಕುಟುಂಬ ಲಿವರ್‌ಪೂಲಿಗೆ ತೆರಳಿತು. 1959ರಲ್ಲಿ ಮೋನಾ ತಮ್ಮ ಮನೆಯ ನೆಲಮಾಳಿಗೆಯಲ್ಲಿ ‘ಕಾಸ್ಬಾ’ ಎಂಬ ಕಾಫಿ ಕ್ಲಬ್ ತೆರೆದರು. ಜಾನ್ ಲೆನನ್ ಮತ್ತು ಗೆಳೆಯರು ಅಲ್ಲಿ ಹಾಡುತ್ತಿದ್ದರು. ಮರುವರ್ಷ ಅವರು ಜರ್ಮನಿಯ ಹ್ಯಾಂಬರ್ಗಿಗೆ ಹೊರಟಾಗ ಡ್ರಮ್ ಬಾರಿಸುವವರು ಬೇಕಾಗಿದ್ದರು, ಪೀಟ್ ಸೇರಿಕೊಂಡರು.

1962ರ ಜೂನ್ 6ರಂದು ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ತಂಡದ ಪರೀಕ್ಷೆ ನಡೆಯಿತು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರಿಗೆ ಡ್ರಮ್ ಒಪ್ಪಿಗೆಯಾಗಲಿಲ್ಲ. ಆದರೆ ಅವರು ಬಯಸಿದ್ದು ಧ್ವನಿಮುದ್ರಣಕ್ಕೆ ಮಾತ್ರ ಬೇರೊಬ್ಬ ವಾದಕನನ್ನು. ಆಗ ಅದು ರೂಢಿಯೇ ಆಗಿತ್ತು. ತಂಡದಿಂದ ತೆಗೆಯಿರೆಂದು ಅವರು ಕೇಳಿರಲಿಲ್ಲ. ಆಗಸ್ಟ್ 16ರಂದು ವ್ಯವಸ್ಥಾಪಕ ಬ್ರಿಯಾನ್ ಎಪ್‌ಸ್ಟೀನ್ ಪೀಟ್ ಅವರನ್ನು ಕಚೇರಿಗೆ ಕರೆಸಿ, ನೀನಿನ್ನು ಬೇಡವೆಂದು ತಿಳಿಸಿದರು. ಜೊತೆಗಿದ್ದ ಮೂವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಭಜನಾ ಮೇಳದಲ್ಲಿ ತಬಲಾದವನನ್ನು ಬಿಡಿಸುವಾಗಲೂ ಎದುರು ಕುಳಿತು ಒಂದು ಮಾತು ಹೇಳುತ್ತಾರೆ!

ವಾದನ ಸಾಲದೆಂಬ ಕಾರಣವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸೆಪ್ಟೆಂಬರ್ 11ರ ಧ್ವನಿಮುದ್ರಣದಲ್ಲಿ ಹೊಸಬರಾದ ರಿಂಗೋ ಅವರನ್ನೂ ಪಕ್ಕಕ್ಕೆ ಕೂರಿಸಿ ಆ್ಯಂಡಿ ವೈಟ್ ಎಂಬವರಿಂದ ಡ್ರಮ್ ಬಾರಿಸಿದ್ದಾರೆ. ಆದರೂ ರಿಂಗೋ ತಂಡದಲ್ಲಿ ಉಳಿದರು. ಮಿತಭಾಷಿ ಪೀಟ್ ಆ ಮೂವರ ಹರಟೆಯೊಳಗೆ ಬೆರೆತಿರಲಿಲ್ಲವೆಂಬುದೇ ದೊಡ್ಡ ಕಾರಣವಾಗಿರಬೇಕು. ‘ಲವ್ ಮೀ ಡೂ’ ಬಿಡುಗಡೆಯಾದದ್ದು ಅಕ್ಟೋಬರ್ 5ರಂದು. ಪೀಟ್ ಹೊರಬಿದ್ದು ಎರಡು ತಿಂಗಳೂ ಆಗಿರಲಿಲ್ಲ.

1968ರಲ್ಲಿ ಬೀಟಲ್ಸ್ ಋಷಿಕೇಶಕ್ಕೆ ಬಂದಾಗ ದೇಶವೇ ಕಣ್ಣರಳಿಸಿತು. ಭಾರತದಲ್ಲೇ ಹುಟ್ಟಿದ ಪೀಟ್ ಅದೇ ವರ್ಷ ಸಂಗೀತದ ವೃತ್ತಿಯನ್ನು ತೊರೆದರು. ಬ್ರೆಡ್ ಹೊರುವ ಕೆಲಸ ಮಾಡಿದರು. ಬಳಿಕ ಉದ್ಯೋಗ ವಿನಿಮಯ ಇಲಾಖೆಯಲ್ಲಿ ಸುಮಾರು ಇಪ್ಪತ್ತು ವರ್ಷ ಸರಕಾರಿ ನೌಕರರಾಗಿದ್ದು, ಕೆಲಸ ಕಳೆದುಕೊಂಡವರಿಗೆ ಕೆಲಸ ಹುಡುಕಿಕೊಟ್ಟರು.

1995ರಲ್ಲಿ ‘ಆಂಥಾಲಜಿ 1’ ಹೊರಬಂದಾಗ ಪೀಟ್ ಬಾರಿಸಿದ ಹತ್ತು ಮುದ್ರಣಗಳು ಅದರಲ್ಲಿದ್ದವು. ಗೌರವಧನ ಧಾರಾಳವಾಗಿಯೇ ಬಂತು. ಹೊದಿಕೆಯ ಮೇಲಿನ ಹಳೆಯ ಚಿತ್ರದಲ್ಲಿ ಮಾತ್ರ ಅವರ ತಲೆಯಿದ್ದ ಭಾಗವನ್ನು ಹರಿದು, ಅಲ್ಲಿ ರಿಂಗೋ ಮುಖ ಕಾಣಿಸುವಂತೆ ಮಾಡಿದ್ದರು. 2008ರಲ್ಲಿ ಪೀಟ್ ತಮ್ಮದೇ ತಂಡದ ‘ಹೇಮನ್ಸ್ ಗ್ರೀನ್’ ಹೊರತಂದರು. ಅದರ ಹೊದಿಕೆಯ ಮೇಲಿರುವುದು ಹರಿದುಹಾಕಿದ್ದ ಆ ತುಣುಕೇ.